ಉರುಳಿಬಿದ್ದ ಡ್ರೋನಿನ ಸಾಕ್ಷ್ಯ

2022ರ ಡಿಸೆಂಬರ್ 25ರಂದು ಪಾಕಿಸ್ತಾನದ ಕಡೆಯಿಂದ ಅಮೃತಸರ ವಲಯದೊಳಕ್ಕೆ ನುಗ್ಗಿದ ಡ್ರೋನೊಂದನ್ನು ಗಡಿ ಭದ್ರತಾ ಪಡೆಯವರು ರಾಜಾತಾಲ್ ಠಾಣೆಯ ಬಳಿ ಹೊಡೆದುರುಳಿಸಿದರು. ಪಂಜಾಬಿನ ಗಡಿಯಲ್ಲಿ ಮಾದಕವಸ್ತು, ಆಯುಧಗಳ ಸಾಗಣೆಗೆ ಇಂಥ ಡ್ರೋನುಗಳು ಬಳಕೆಯಾಗುತ್ತಿವೆ. ಅದರೊಳಗಿನ ದಾಖಲೆಗಳ ವಿಶ್ಲೇಷಣೆಯ ಫಲವನ್ನು ಪಡೆಯು 2023ರ ಮಾರ್ಚ್‌ನಲ್ಲಿ ಪ್ರಕಟಿಸಿತು. 2022ರ ಜೂನ್ 11ರಂದು ಆ ಡ್ರೋನು ಚೀನಾದ ಶಾಂಘೈ ನಗರದ ಫೆಂಗ್‌ಶಿಯಾನ್ ಜಿಲ್ಲೆಯಲ್ಲಿ ಹಾರಿತ್ತು. ಸೆಪ್ಟೆಂಬರ್ 24ರಿಂದ ಡಿಸೆಂಬರ್ 25ರ ನಡುವೆ ಪಾಕಿಸ್ತಾನದ ಖಾನೇವಾಲ್‌ನಲ್ಲಿ 28 ಬಾರಿ ಹಾರಿತ್ತು. ಮುರಿದು ಬಿದ್ದ ಯಂತ್ರ ಇಷ್ಟೆಲ್ಲ ಹೇಳುವುದು ಹೇಗೆ?

ಗಾಳಿಯಲ್ಲಿ ಸ್ಥಿರವಾಗಿರಲು ಡ್ರೋನು ತನ್ನ ಸ್ಥಾನ, ವೇಗ, ಓರೆಗಳನ್ನು ಸೆಕೆಂಡಿಗೆ ಹಲವು ಬಾರಿ ಅಳೆದುಕೊಳ್ಳುತ್ತಲೇ ಇರಬೇಕು. ಜಿಪಿಎಸ್ ಗ್ರಾಹಕ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳಿಂದ ಸ್ಥಾನವನ್ನೂ ಕಾಲವನ್ನೂ ಲೆಕ್ಕ ಹಾಕುತ್ತದೆ. ವೇಗೋತ್ಕರ್ಷ ಮಾಪಕ, ಜೈರೊಸ್ಕೋಪ್, ಕಾಂತ ದಿಕ್ಸೂಚಿಗಳು ಜೊತೆಗಿರುತ್ತವೆ. ಎತ್ತರಕ್ಕೆ ವಾಯುಭಾರಮಾಪಕ: ನೆಲದ ಸಮೀಪದಲ್ಲಿ ಸುಮಾರು 8 ಮೀಟರ್ ಏರಿದರೆ ಒತ್ತಡ 1 ಮಿಲಿಬಾರ್ ಇಳಿಯುತ್ತದೆ. ಅನೇಕ ಮಾದರಿಗಳಲ್ಲಿ ಈ ಅಳತೆಗಳು ಫ್ಲ್ಯಾಶ್ ಮೆಮೊರಿಯಲ್ಲಿ ದಾಖಲಾಗುತ್ತವೆ. ಅಲ್ಲಿ ಮಾಹಿತಿ ಉಳಿಯುವುದು ನಿರೋಧಕ ಪದರದ ನಡುವೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳ ರೂಪದಲ್ಲಿ. ಬ್ಯಾಟರಿ ಕಿತ್ತುಹೋದರೂ ಅವು ಕದಲುವುದಿಲ್ಲ. ಇವೆಲ್ಲಕ್ಕಿಂತ ಬೆಲೆಯುಳ್ಳ ದಾಖಲೆ ಇನ್ನೊಂದಿದೆ. ಸಂಪರ್ಕ ಕಡಿದರೆ ಮರಳಿ ಬರಲೆಂದು ಡ್ರೋನು ತಾನು ಹೊರಟ ಜಾಗದ ಅಕ್ಷಾಂಶ ರೇಖಾಂಶಗಳನ್ನು ಬರೆದಿಟ್ಟುಕೊಳ್ಳುತ್ತದೆ. ಹಾರಿಸಿದವನು ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ನಿಂತಿರುತ್ತಾನೆ.

ಸಿಕ್ಕಿದ ಡ್ರೋನನ್ನು ಕುತೂಹಲಕ್ಕೆ ಚಾಲೂ ಮಾಡಿ ನೋಡುವುದು ದೊಡ್ಡ ಅಪಾಯ. ಅಮೆರಿಕದ ನ್ಯೂ ಹೇವನ್ ವಿಶ್ವವಿದ್ಯಾಲಯದ ಸಂಶೋಧಕರು ಫ್ಯಾಂಟಮ್-3 ಎಂಬ ಜನಪ್ರಿಯ ಡ್ರೋನನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಲೇಖನ ಇದನ್ನು ಸ್ಪಷ್ಟಪಡಿಸಿತು: ಸ್ವಿಚ್ ಹಾಕಿದ ಮಾತ್ರಕ್ಕೇ ಒಳಗೆ ಹೊಸ ಕಡತವೊಂದು ಸೃಷ್ಟಿಯಾಗುತ್ತದೆ; ಮೆಮೊರಿ ತುಂಬಿದ್ದರೆ ಹಿಂದಿನ ದಾಖಲೆ ಅಳಿಸಿಹೋಗಲೂಬಹುದು. ಆದ್ದರಿಂದ ಕವಚ ಬಿಚ್ಚಿ ಮೆಮೊರಿ ಕಾರ್ಡನ್ನು ಹೊರತೆಗೆದು, ಅದರ ಪ್ರತಿ ಮಾಡಿಕೊಂಡು, ಪ್ರತಿಯ ಮೇಲಷ್ಟೇ ಕೆಲಸ ಮಾಡಬೇಕು.

ಇನ್ನೂ ಜೀವವಿರುವ ಡ್ರೋನನ್ನು ರೇಡಿಯೊ ಅಲೆಗಳಿಂದ ಮರೆಮಾಡಲು ಲೋಹದ ಎಳೆಗಳಿರುವ ಚೀಲಕ್ಕೆ ಹಾಕುತ್ತಾರೆ. ಇದು ಫ್ಯಾರಡೆಯ ಪಂಜರವೇ. 2.4 ಗಿಗಾಹರ್ಟ್ಸ್ ಅಲೆಯು ಅಲ್ಯೂಮಿನಿಯಮ್ಮಿನಲ್ಲಿ 1.7 ಮೈಕ್ರೊಮೀಟರ್ ಇಳಿಯುವಷ್ಟರಲ್ಲಿ ಅದರ ಕ್ಷೇತ್ರ ಶೇ. 37ಕ್ಕೆ ಕುಗ್ಗುತ್ತದೆ. 16 ಮೈಕ್ರೊಮೀಟರ್ ದಪ್ಪದ ಹಾಳೆ ದಾಟುವಾಗ ಹತ್ತು ಸಾವಿರದಲ್ಲಿ ಒಂದು ಪಾಲೂ ಉಳಿಯದು. ಅಡುಗೆಮನೆಯ ಹಾಳೆಯಲ್ಲಿ ಮೊಬೈಲ್ ಫೋನನ್ನು ಸುತ್ತಿ ಕರೆಮಾಡಿ ನೋಡಿ. ಹಾಳೆಯ ದಪ್ಪಕ್ಕಿಂತ ಮಡಿಕೆಗಳಲ್ಲಿ ಉಳಿದ ಸೀಳೇ ತೊಂದರೆ ಕೊಡುತ್ತದೆಂಬುದು ವಿದ್ಯಾರ್ಥಿಗಳಿಗೆ ತಾವಾಗಿಯೇ ತಿಳಿಯುತ್ತದೆ.

ದಾಖಲೆ ದೊರೆತರೂ ಅದನ್ನು ಹಾಗೆಯೇ ನಂಬುವಂತಿಲ್ಲ. ಸುಳ್ಳು ಜಿಪಿಎಸ್ ಸಂಕೇತ ಕೊಟ್ಟು ಗ್ರಾಹಕವನ್ನು ದಾರಿ ತಪ್ಪಿಸಬಹುದು. ಆದರೆ ಒಂದೇ ಸೆಕೆಂಡಿನಲ್ಲಿ ಸ್ಥಾನ 2 ಕಿಲೋಮೀಟರ್ ಜಿಗಿದಾಗ ವೇಗೋತ್ಕರ್ಷ ಮಾಪಕ ಸುಮ್ಮನಿದ್ದರೆ ಮೋಸ ಬಯಲಾಗುತ್ತದೆ. ನ್ಯೂಟನ್ನನ ಎರಡನೆಯ ನಿಯಮಕ್ಕೆ ಲಂಚ ಕೊಡಲಾಗದು! ಕಾಲದ ವಿಷಯ ಇನ್ನೂ ಸೂಕ್ಷ್ಮ. ಒಂದು ಕಡತ ಜಾಗತಿಕ ಕಾಲದಲ್ಲಿದ್ದರೆ ಇನ್ನೊಂದು ಫೋನಿನ ಸ್ಥಳೀಯ ಕಾಲದಲ್ಲಿರಬಹುದು. ಜಾಗತಿಕ ಕಾಲ 19:40 ಎಂದರೆ ನಮ್ಮಲ್ಲಿ ಮರುದಿನದ ನಸುಕಿನ 1:10, ಪಾಕಿಸ್ತಾನದಲ್ಲಿ 0:40. ಇದನ್ನು ಗಮನಿಸದೆ ಸಂಜೆ 7:40 ಎಂದೇ ಓದಿದರೆ, ಆ ಸಂಜೆ ಹೊಲದಲ್ಲಿ ನೀರು ಕಟ್ಟುತ್ತಿದ್ದ ರೈತ ಆರೋಪಿಯಾಗಬಹುದು. ನಸುಕಿನಲ್ಲಿ ಬಂದುಹೋದವನು ತಪ್ಪಿಸಿಕೊಳ್ಳಬಹುದು.

ದಾಖಲೆಯನ್ನು ಅಳಿಸಿಹಾಕಿದ್ದರೂ ಬ್ಯಾಟರಿ ಮಾತಾಡುತ್ತದೆ. ಪೂರ್ಣ ತುಂಬಿದ್ದ ಬ್ಯಾಟರಿಯಲ್ಲಿ 15 ನಿಮಿಷಗಳ ಹಾರಾಟದಷ್ಟು ಶಕ್ತಿ ವ್ಯಯವಾಗಿದೆ, ಡ್ರೋನಿನ ಗರಿಷ್ಠ ವೇಗ ಸೆಕೆಂಡಿಗೆ 12 ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದಿದ್ದರೆ ಅದು ಹೊರಟ ಜಾಗ 10.8 ಕಿಲೋಮೀಟರಿನೊಳಗೇ ಇರಬೇಕು. ಬೆನ್ನಿಗೆ ಸೆಕೆಂಡಿಗೆ 3 ಮೀಟರ್ ಗಾಳಿಯಿದ್ದರೆ 13.5. ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕವಿದು.

ಇಲ್ಲಿಯವರೆಗೆ ತಿಳಿದದ್ದೆಲ್ಲ ಯಂತ್ರದ ಚರಿತ್ರೆ. ಅದನ್ನು ನಡೆಸಿದ ಕೈ ಯಾವುದು? ಅದಕ್ಕೆ ಬೇರೆ ಕೊಂಡಿಗಳು ಬೇಕು. ಡ್ರೋನಿನ ಕ್ರಮಸಂಖ್ಯೆಯಿಂದ ಮಾರಾಟದ ಜಾಡು ಸಿಗಬಹುದು. ನಮ್ಮ ದೇಶದ 2021ರ ಡ್ರೋನ್ ನಿಯಮಗಳು ನೋಂದಣಿಯನ್ನೂ ವಿಶಿಷ್ಟ ಗುರುತಿನ ಸಂಖ್ಯೆಯನ್ನೂ ವಿಧಿಸಿವೆಯಾದರೂ ಕಳ್ಳಸಾಗಣೆಯವರು ನೋಂದಾಯಿಸಿಕೊಂಡಾರೆಯೇ? ನಿಯಂತ್ರಕಕ್ಕೆ ಜೋಡಿಸಿದ ಫೋನು ವಶವಾದರೆ ಅದರಲ್ಲೂ ಅದೇ ಹಾರಾಟದ ದಾಖಲೆ ಇರಬಹುದು. ಎರಡೂ ತಾಳೆಯಾದರೆ ಗಟ್ಟಿ ಸಾಕ್ಷ್ಯ. ಬ್ಯಾಟರಿಯನ್ನು ಕೂಡಿಸುವಾಗ, ಪೊಟ್ಟಣಕ್ಕೆ ಅಂಟುಪಟ್ಟಿ ಸುತ್ತುವಾಗ ಬಿದ್ದ ಬೆರಳಚ್ಚು, ಅಂಟಿಗೆ ಹತ್ತಿದ ಚರ್ಮದ ಕಣಗಳ ಡಿಎನ್‌ಎ ಕೂಡ ಮುಖ್ಯ. ಹೊಲದಿಂದ ಬರಿಗೈಯಲ್ಲಿ ಎತ್ತಿಕೊಂಡು ಬಂದರೆ ಇವೆಲ್ಲ ಕಲಸಿಹೋಗುತ್ತವೆ.

ನ್ಯಾಯಾಲಯಕ್ಕೆ ಹೋಗುವಾಗ ಪ್ರತಿಯ ‘ಹ್ಯಾಶ್’ ಮೌಲ್ಯವನ್ನೂ ಕೊಡಬೇಕು. ಕಡತದ ಎಲ್ಲ ಬಿಟ್‌ಗಳಿಂದ ಲೆಕ್ಕಹಾಕಿದ ಸಂಖ್ಯೆ ಇದು; ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಇದಕ್ಕೆ ಜಾಗವಿದೆ.

ಇನ್ನು ಆ ಅಮೃತಸರದ ಡ್ರೋನು. ಖಾನೇವಾಲ್ ಅಲ್ಲಿಂದ ನೇರ ರೇಖೆಯಲ್ಲಿ ಸುಮಾರು 300 ಕಿಲೋಮೀಟರ್. ಬ್ಯಾಟರಿಯಿಂದ ತಿರುಗುವ ಸಣ್ಣ ಡ್ರೋನು ಒಂದೇ ಹಾರಾಟದಲ್ಲಿ ಅಷ್ಟು ದೂರ ಬರಲಾರದು. ಯಾರೋ ಅದನ್ನು ನೆಲದ ಮೇಲೆ ಗಡಿಯ ಹತ್ತಿರಕ್ಕೆ ತಂದಿರಬೇಕೆಂದು ಊಹಿಸುವುದು ನ್ಯಾಯ. ಶಾಂಘೈನ ಹಾರಾಟ ಪ್ರಾಯಶಃ ಮಾರಾಟಕ್ಕೆ ಮುನ್ನಿನ ಪರೀಕ್ಷೆ. ಅಲ್ಲಿ ಹಾರಿಸಿದವನನ್ನೂ ಗಡಿಯ ಕತ್ತಲಲ್ಲಿ ಹಾರಿಸಿದವನನ್ನೂ ಒಂದೇ ಪಟ್ಟಿಗೆ ಸೇರಿಸಲು ಆ ಮೆಮೊರಿ ಯಾವ ಆಧಾರವನ್ನೂ ಕೊಡುವುದಿಲ್ಲ.