ಜೀವಂತ ಬೇಲಿಯ ಹಿಟ್ಟು ತಿಗಣೆ ಮತ್ತು ಅದರ ಹತೋಟಿ

ಹಿತ್ತಲು, ತೋಟ ಮತ್ತು ಹಿಪ್ಪುನೇರಳೆ ಜಮೀನಿನ ಸುತ್ತ ದಾಸವಾಳ, ಕಾಡುಹರಳು ಮುಂತಾದ ಗಿಡಗಳ ಜೀವಂತ ಬೇಲಿ ಬೆಳೆಸುವ ರೂಢಿ ರಾಜ್ಯದ ರೈತರಲ್ಲಿದೆ. ಇಂಥ ಬೇಲಿಗೆ ಖರ್ಚು ಕಡಿಮೆ. ದನಕರುಗಳ ಕಾಟವೂ ತಪ್ಪುತ್ತದೆ. ಆದರೆ ಬೆಳೆಯನ್ನು ಜೋಪಾನ ಮಾಡುವ ರೈತರು ಬೇಲಿಯ ಕಡೆ ನೋಡುವುದು ಅಪರೂಪ. ಅಲಕ್ಷ್ಯಕ್ಕೆ ಒಳಗಾದ ಬೇಲಿಯಲ್ಲಿ ಹಿಟ್ಟು ತಿಗಣೆ ನೆಲೆಸಿ, ಅಲ್ಲಿಂದ ಬೆಳೆಗೆ ದಾಟಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಎರಡು ಬಗೆಯ ತಿಗಣೆಗಳು

ದಾಸವಾಳದ ಬೇಲಿಯಲ್ಲಿ ಮುಖ್ಯವಾಗಿ ಗುಲಾಬಿ ಹಿಟ್ಟು ತಿಗಣೆ ಮತ್ತು ಪರಂಗಿ ಹಿಟ್ಟು ತಿಗಣೆಗಳು ಕಂಡುಬರುತ್ತವೆ. ಎರಡರ ಮೈಮೇಲೂ ಬಿಳಿ ಹಿಟ್ಟು ಇರುತ್ತದೆ. ಕಡ್ಡಿಯಿಂದ ಹಿಸುಕಿದಾಗ ಮೊದಲನೆಯದರಿಂದ ಗುಲಾಬಿ ಬಣ್ಣದ, ಎರಡನೆಯದರಿಂದ ಹಳದಿ ಬಣ್ಣದ ರಸ ಬರುತ್ತದೆ.

ಹಿಪ್ಪುನೇರಳೆಯಲ್ಲಿ ತುಕ್ರ ಉಂಟುಮಾಡುವುದು ಗುಲಾಬಿ ಹಿಟ್ಟು ತಿಗಣೆಯೇ. ಇದರಿಂದ ಕುಡಿಯ ಬೆಳವಣಿಗೆ ನಿಂತು, ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ಎಲೆಗಳು ಮುದುಡಿ ದಪ್ಪನಾಗುತ್ತವೆ. ಇಂಥ ಸೊಪ್ಪಿನ ಇಳುವರಿಯೂ ಗುಣವೂ ಕುಸಿಯುವುದರಿಂದ ಗೂಡಿನ ಫಸಲಿಗೆ ಪೆಟ್ಟು ಬೀಳುತ್ತದೆ.

ಪರಂಗಿ ಹಿಟ್ಟು ತಿಗಣೆ ಹೊರದೇಶದಿಂದ ಬಂದದ್ದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹರಡಿತು. ಇದು ಪರಂಗಿ, ಹಿಪ್ಪುನೇರಳೆಗಳಲ್ಲದೆ ದಾಸವಾಳ, ಕಾಡುಹರಳು ಮತ್ತು ಪಾರ್ಥೇನಿಯಂ ಕಳೆಯ ಮೇಲೂ ಬದುಕುತ್ತದೆ.

ಹರಡುವ ರೀತಿ

ಹೆಣ್ಣು ತಿಗಣೆ ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಹೊರಬಂದ ಮರಿಗಳು ತೆವಳಿಕೊಂಡು, ಗಾಳಿಯಲ್ಲಿ ತೇಲಿಕೊಂಡು, ಕತ್ತರಿಸಿದ ರೆಂಬೆಗಳ ಜೊತೆ ಸಾಗಿ ಹೊಸ ಗಿಡ ಸೇರುತ್ತವೆ. ಇವು ಹೊರಹಾಕುವ ಸಿಹಿ ಅಂಟಿನ ಆಸೆಗೆ ಬರುವ ಇರುವೆಗಳು ತಿಗಣೆಯ ಶತ್ರುಗಳನ್ನು ಓಡಿಸುತ್ತವೆ. ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗಳು ಮಸಿ ಬಳಿದಂತೆ ಕಾಣುತ್ತವೆ. ಬೇಲಿಯಲ್ಲಿ ಇರುವೆಯ ಸಾಲು ಮತ್ತು ಕಪ್ಪು ಎಲೆ ಕಂಡರೆ ತಿಗಣೆ ಇದೆಯೇ ಎಂದು ಕುಡಿಗಳನ್ನು ಬಿಡಿಸಿ ನೋಡಬೇಕು.

ರೈತನ ಮಿತ್ರರು

ಔಷಧಿ ಹೊಡೆಯುವ ಮೊದಲು ಮಿತ್ರಕೀಟಗಳನ್ನು ಗುರುತಿಸುವುದು ಅಗತ್ಯ. 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಹಿಟ್ಟು ತಿಗಣೆಗಳನ್ನು ತಿನ್ನುತ್ತದೆ. ಇದರ ಮರಿಯ ಮೈಮೇಲೂ ಬಿಳಿ ಎಳೆಗಳಿರುವುದರಿಂದ ತಿಗಣೆಯೆಂದೇ ತಿಳಿದು ಕೊಲ್ಲುವವರಿದ್ದಾರೆ. ಮರಿಯು ತಿಗಣೆಗಿಂತ ದೊಡ್ಡದು. ಮುಟ್ಟಿದರೆ ಚುರುಕಾಗಿ ಓಡುತ್ತದೆ.

ಪರಂಗಿ ತಿಗಣೆಯ ಹತೋಟಿಗಾಗಿ ಬೆಂಗಳೂರಿನ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ 2010ರಲ್ಲಿ ಪೋರ್ಟೊರಿಕೊದಿಂದ ಪರತಂತ್ರ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೊಫ್ಯಾಗಸ್ ಕಣಜ ಬಿಡುಗಡೆಯ ನಂತರ ಚೆನ್ನಾಗಿ ನೆಲೆಗೊಂಡು ಪಿಡುಗನ್ನು ತಗ್ಗಿಸಿತು. ಉಬ್ಬಿ ಗಟ್ಟಿಯಾಗಿ, ಮೈಯಲ್ಲಿ ದುಂಡು ರಂಧ್ರವಿರುವ ತಿಗಣೆಗಳು ಕಂಡರೆ ಕಣಜ ಕೆಲಸ ಮಾಡುತ್ತಿದೆ ಎಂದರ್ಥ. ಅಂಥ ಕಡೆ ಔಷಧಿ ಹೊಡೆಯಬಾರದು, ರೆಂಬೆಗಳನ್ನು ಸುಡಲೂಬಾರದು.

ಹತೋಟಿ ಕ್ರಮಗಳು

1. ಬೇಸಿಗೆಯಲ್ಲಿ ತಿಗಣೆ ಹೆಚ್ಚುವುದರಿಂದ ಆ ದಿನಗಳಲ್ಲಿ ವಾರಕ್ಕೊಮ್ಮೆ ಬೇಲಿಯನ್ನು ಪರೀಕ್ಷಿಸಬೇಕು.

2. ಮಿತ್ರಕೀಟಗಳಿಲ್ಲದ ಪೀಡಿತ ಕುಡಿಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ, ಹೊಲದ ಹೊರಗೆ ಒಯ್ದು ಸುಡಬೇಕು. ಬದುವಿನ ಮೇಲೆ ಅಥವಾ ಕಾಲುವೆಯಲ್ಲಿ ಎಸೆಯಬಾರದು.

3. ಬೇಲಿಯ ಬುಡದ ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ ಕಿತ್ತು, ಇರುವೆ ಗೂಡುಗಳನ್ನು ಅಗೆದು ನಾಶಪಡಿಸಬೇಕು.

4. ಬಾಧೆ ಹೆಚ್ಚಿದ್ದರೆ ಲೀಟರ್ ನೀರಿಗೆ 5 ಗ್ರಾಂ ಸೋಪು ಕರಗಿಸಿ, ಕುಡಿ ಮತ್ತು ಎಲೆಯ ಅಡಿಭಾಗ ನೆನೆಯುವಂತೆ ಸಂಜೆ ಸಿಂಪಡಿಸಬೇಕು. ಹಿಪ್ಪುನೇರಳೆ ಪಕ್ಕದಲ್ಲಿಲ್ಲದಿದ್ದರೆ ಇದಕ್ಕೆ 5 ಮಿ.ಲೀ. ಬೇವಿನ ಎಣ್ಣೆ ಬೆರೆಸಬಹುದು.

5. ಹಿಂದೆ ತುಕ್ರಕ್ಕೆ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಅನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಮನೆಯಲ್ಲಿ ಹಳೆಯ ಡಬ್ಬಿ ಉಳಿದಿದ್ದರೂ ಬಳಸಬಾರದು.

ಬೇಲಿಗೆ ಹೊಡೆದ ವಿಷ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆ ಹುಳುಗಳು ಸಾಯುತ್ತವೆ. ಆದ್ದರಿಂದ ಹುಳು ಸಾಕುವವರಿಗೆ ಕತ್ತರಿ ಮತ್ತು ಸೋಪಿನ ನೀರೇ ಸುರಕ್ಷಿತ. ಹೊಸದಾಗಿ ಬೇಲಿ ಹಾಕುವವರು ಹಿಪ್ಪುನೇರಳೆ, ಪರಂಗಿ ತೋಟಗಳ ಪಕ್ಕದಲ್ಲಿ ದಾಸವಾಳ, ಕಾಡುಹರಳುಗಳನ್ನು ನೆಡದಿರುವುದು ಮೇಲು. ಈಗಾಗಲೇ ಇರುವ ಬೇಲಿಯನ್ನು ಕೀಳಬೇಕಾಗಿಲ್ಲ. ಅದನ್ನೂ ಬೆಳೆಯ ಒಂದು ಸಾಲೆಂದು ಎಣಿಸಿ ನೋಡಿಕೊಂಡರೆ ಸಾಕು.