ಮನೆಮಾತಿನಲ್ಲೇ ಮಾತಾಡಿ, ಮಗು ಕೇಳುತ್ತಿದೆ

ಪುತ್ತೂರು, ಸುಳ್ಯ, ಕಡಬದ ಕಡೆ ಒಂದೇ ಭಾಷೆ ಕೇಳಿ ಬೆಳೆಯುವ ಮಗು ಸಿಗುವುದು ಅಪರೂಪ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ. ಸುಳ್ಯದ ಗೌಡರ ಮನೆಯಾದರೆ ಅರೆಭಾಷೆ. ಆಚೆಮನೆಯಲ್ಲಿ ಬ್ಯಾರಿ, ಈಚೆಮನೆಯಲ್ಲಿ ಕೊಂಕಣಿ. ನೆಲ್ಯಾಡಿ, ಕಡಬದಲ್ಲಿ ಕೇರಳದಿಂದ ಬಂದು ನೆಲೆಸಿದವರ ಮಲಯಾಳ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕೆಯಿಂದ ಬಂದು ಇಲ್ಲಿನ ಸರಕಾರಿ ರಬ್ಬರ್ ತೋಟಗಳಲ್ಲಿ ದುಡಿದವರ ಮನೆಗಳಲ್ಲಿ ತಮಿಳು. ಅಂಗನವಾಡಿಗೆ ಹೋದರೆ ಕನ್ನಡ. ಇಷ್ಟೆಲ್ಲ ಒಟ್ಟಿಗೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲವಾಗದೇ, ಮಾತು ತಡವಾಗದೇ ಎಂದು ಈಗಿನ ಅನೇಕ ತಂದೆತಾಯಂದಿರು ಅಂಜುತ್ತಾರೆ. ಹೇಗೂ ಇಂಗ್ಲಿಷ್ ಮೀಡಿಯಂಗೆ ಸೇರಿಸುವುದಲ್ಲವೇ ಎಂದು ಮನೆಮಾತನ್ನು ಬದಿಗಿಟ್ಟು, ತಮಗೇ ಸರಾಗವಲ್ಲದ ಇಂಗ್ಲಿಷಿನಲ್ಲಿ ಮಗುವಿನೊಡನೆ ಅಳೆದು ಸುರಿದು ಮಾತಾಡುತ್ತಾರೆ. ಮಿದುಳಿನ ವಿಜ್ಞಾನ ಈ ಅಂಜಿಕೆಯನ್ನು ಒಪ್ಪುವುದಿಲ್ಲ.

ಹುಟ್ಟಿದ ಮಗುವಿನ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿರುತ್ತದೆ. ಎರಡು ವರ್ಷಕ್ಕೆ ಸುಮಾರು ಮುಕ್ಕಾಲು ಪಾಲು, ಆರಕ್ಕೆ ಶೇ. 90ರಷ್ಟು. ನರಕೋಶಗಳು ಬಹುಪಾಲು ಹುಟ್ಟುವಾಗಲೇ ಇರುತ್ತವೆ. ಆಮೇಲೆ ಭರದಿಂದ ಬೆಳೆಯುವುದು ಅವುಗಳ ನಡುವಿನ ಜೋಡಣೆ. ಮೊದಲ ವರ್ಷಗಳಲ್ಲಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಸಂಪರ್ಕಗಳು ಮೂಡುತ್ತವೆ ಎಂಬುದು ತಜ್ಞರ ಅಂದಾಜು. ಬೇಕಾದದ್ದಕ್ಕಿಂತ ಹೆಚ್ಚೇ ಮೂಡುತ್ತವೆ. ಬಳಸಿದವು ಗಟ್ಟಿಯಾಗುತ್ತವೆ, ಬಳಸದವು ಕಳಚಿಹೋಗುತ್ತವೆ.

ಈ ಕಳಚುವಿಕೆ ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ತೋರಿಸಿದ್ದು ನಮ್ಮದೇ ನೆಲದ ಎರಡು ಧ್ವನಿಗಳು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳು ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಆ ವ್ಯತ್ಯಾಸ ಕೇಳಿಸುತ್ತಲೇ ಇರಲಿಲ್ಲ. ಹಿಂದಿ ಕೇಳುತ್ತ ಬೆಳೆದ ಮಕ್ಕಳಲ್ಲಿ ಅದು ಉಳಿದಿತ್ತು. ತುಳು ಪದಗಳ ಕೊನೆಗೆ ಬರುವ ಅರೆ ಉಕಾರ ಕನ್ನಡದಲ್ಲಿಲ್ಲ. ದೊಡ್ಡವರಾದ ಮೇಲೆ ಈ ಊರಿಗೆ ಬಂದು ತುಳು ಕಲಿಯುವವರು ಅದನ್ನು ನುಡಿಯಲು ಪಡುವ ಪಾಡನ್ನು ನಾವೆಲ್ಲ ನೋಡಿದ್ದೇವೆ. ಇಲ್ಲೇ ತೊಟ್ಟಿಲಲ್ಲಿ ಮಲಗಿದ ಮಗುವಿಗೆ ಅದು ಖರ್ಚಿಲ್ಲದೆ ದಕ್ಕುತ್ತದೆ.

ಗೊಂದಲದ ಮಾತು ಹಾಗಾದರೆ? ಗರ್ಭದಲ್ಲಿ ಆರು-ಏಳನೇ ತಿಂಗಳಿಗೆ ಶಿಶುವಿನ ಕಿವಿ ಕೇಳತೊಡಗುತ್ತದೆ. ಬಸಿರಿನಲ್ಲಿದ್ದಾಗ ಇಂಗ್ಲಿಷ್ ಮತ್ತು ಟಗಾಲೊಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಆ ಶಿಶುಗಳು ಎರಡೂ ಭಾಷೆಗೆ ಸಮಾನ ಆಸಕ್ತಿ ತೋರಿದವು. ಎರಡೂ ಬೇರೆ ಎಂಬುದನ್ನೂ ಗುರುತಿಸಿದವು. ಮುಂದೆ ಮಗು ‘ಬರ್ಸ ಬಂತು’ ಎಂದು ತುಳುವಿಗೆ ಕನ್ನಡ ಜೋಡಿಸಿದರೆ ಗಾಬರಿ ಬೇಡ. ಹಲವು ಭಾಷೆಗಳ ಮಕ್ಕಳು ಎಲ್ಲೆಡೆ ಹೀಗೆಯೇ ಮಾತಾಡುತ್ತಾರೆ. ಅಜ್ಜಿಯ ಹತ್ತಿರ ‘ಪುಚ್ಚೆ’, ಅಂಗನವಾಡಿಯಲ್ಲಿ ‘ಬೆಕ್ಕು’ ಎನ್ನುವ ಮಗುವಿನ ಪದಗಳನ್ನು ಎಣಿಸುವಾಗ ಎರಡನ್ನೂ ಎಣಿಸಬೇಕು. ಕನ್ನಡದ ಪದಗಳನ್ನಷ್ಟೇ ಎಣಿಸಿ ಮಗು ಹಿಂದೆ ಬಿದ್ದಿದೆ ಎನ್ನುವುದು ಅನ್ಯಾಯ.

ಆದರೆ ಭಾಷೆ ಸುಮ್ಮನೆ ಕಿವಿಗೆ ಬಿದ್ದರೆ ಸಾಲದು, ಮನುಷ್ಯರು ಬೇಕು. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರಿಂದ ಶಿಶುಗಳು ಅದರ ಧ್ವನಿಗಳನ್ನು ಕಲಿತವು. ಅದೇ ಮಾತುಗಳನ್ನು ವಿಡಿಯೊದಲ್ಲಿ ನೋಡಿದ ಶಿಶುಗಳು ಏನನ್ನೂ ಕಲಿಯಲಿಲ್ಲ. ಊಟ ಮಾಡಿಸಲು ಕೈಗೆ ಮೊಬೈಲ್ ಕೊಡುವ ಪ್ರತಿ ಮನೆಯೂ ತಿಳಿದಿರಬೇಕಾದ ಸಂಗತಿ ಇದು. ಎರಡು ವರ್ಷದೊಳಗೆ ಪರದೆಯೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ ಭಾರತೀಯ ಮಕ್ಕಳ ತಜ್ಞರ ಸಂಘ.

ನಾಲ್ಕರಿಂದ ಆರು ವರ್ಷದ ಮಕ್ಕಳ ಮಿದುಳಿನ ಚಿತ್ರ ತೆಗೆದ 2018ರ ಇನ್ನೊಂದು ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಕೇಳಿದ ಒಟ್ಟು ಪದಗಳ ಲೆಕ್ಕಕ್ಕಿಂತ, ಮಗುವಿನ ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಹೋಗಿಬಂತು ಎಂಬುದಕ್ಕೂ ಭಾಷೆಯ ಕೇಂದ್ರದ ಚುರುಕಿಗೂ ಹೆಚ್ಚು ನಂಟಿತ್ತು. ಮನೆಯ ಸಿರಿತನ, ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ನಂಟು ಉಳಿಯಿತು. ಅಂಗಳದಲ್ಲಿ ಅಡಿಕೆ ಸುಲಿಯುವ ಅಜ್ಜಿ, ಬೀಡಿ ಕಟ್ಟುವ ತಾಯಿ (ಹೊಗೆಸೊಪ್ಪಿನ ಧೂಳು ತಾಗದಷ್ಟು ದೂರ ಮಗುವನ್ನು ಕೂರಿಸಿಕೊಂಡು) ಕೈಕೆಲಸ ಬಿಡದೆಯೇ ಕೊಡಬಹುದಾದದ್ದು ಇದು. ಮಗು ‘ಅದೆಂತ?’ ಎಂದಾಗ ಉತ್ತರ ಹೇಳಿ, ತಿರುಗಿ ಒಂದು ಪ್ರಶ್ನೆ ಕೇಳಿದರಾಯಿತು. ಆಟ, ಹಾಡು, ಕುಣಿತ ಮಕ್ಕಳ ಕಲಿಕೆಯಿಂದ ಬೇರೆಯಲ್ಲವೆಂದು ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಪ್ರಯೋಗ ಮಾಡಿದ್ದು ಮಿದುಳಿನ ಚಿತ್ರ ತೆಗೆಯುವ ಇಂಥ ಯಂತ್ರಗಳು ಬರುವುದಕ್ಕೆ ಎಷ್ಟೋ ಮೊದಲು.

ಮಾತಿನ ಜೊತೆಗೆ ಅನ್ನವೂ ಬೇಕು. ಐದರ ಆಸುಪಾಸಿನ ಮಗು ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಮಿದುಳಿಗೇ ಹೋಗುತ್ತದೆ. ನರತಂತುಗಳ ಹೊದಿಕೆ ಬಲಿಯಲು ಕಬ್ಬಿಣಾಂಶ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಅಂಗನವಾಡಿಯಲ್ಲಿ ಕೊಡುವ ಮೊಟ್ಟೆ, ಜಂತುಹುಳದ ಮಾತ್ರೆಗಳನ್ನು ಹಗುರವಾಗಿ ಕಾಣಬಾರದು.

ಕರೆದರೆ ತಿರುಗದ, ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದ ಮಗುವಿದ್ದರೆ ‘ಮನೆಯಲ್ಲಿ ಭಾಷೆ ಜಾಸ್ತಿ, ಅದಕ್ಕೇ ಹೀಗೆ’ ಎಂದು ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಕ್ಕಳ ವೈದ್ಯರಿಗೆ ತೋರಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಇಂಥ ಮಕ್ಕಳಿಗಾಗಿಯೇ. ಚಿಕಿತ್ಸೆ ನಡೆಯುವಾಗಲೂ ಮನೆಮಾತನ್ನು ನಿಲ್ಲಿಸಬೇಡಿ.