ಇಕಿರು ಮತ್ತು ನಮ್ಮಾಫೀಸಿನ ಟಿಕೆಟ್‌ಗಳು

ಕುರೊಸಾವಾ ಅಂದ ತಕ್ಷಣ ಎಲ್ಲರೂ 'ಸೆವೆನ್ ಸಮುರಾಯ್', 'ರಾಶೋಮನ್' ಅಂತಾರೆ. ನನ್ನ ಓಟು ಮಾತ್ರ 1952ರ 'ಇಕಿರು'ಗೆ. ಹೊಟ್ಟೆ ಕ್ಯಾನ್ಸರ್ ಆಗಿರೋ ಮುನ್ಸಿಪಾಲಿಟಿ ಅಧಿಕಾರಿ ವಾತಾನಾಬೆ, ಸಾಯೋ ಮೊದಲು ಒಂದು ಕೊಳಚೆ ಜಾಗದಲ್ಲಿ ಮಕ್ಕಳಿಗೆ ಪಾರ್ಕು ಮಾಡಿಸ್ತಾನೆ. ಕತೆ ಇಷ್ಟೇ. ಆದರೆ ಅರ್ಜಿ ಹಿಡಿದು ಬಂದ ಹೆಂಗಸರನ್ನ ಇಲಾಖೆಯಿಂದ ಇಲಾಖೆಗೆ ಅಟ್ಟೋ ದೃಶ್ಯ ಇದೆಯಲ್ಲ, ಮೊದಲು ನಗು ಬಂತು, ಆಮೇಲೆ ನಿಂತೋಯ್ತು. ನಮ್ಮಾಫೀಸಲ್ಲಿ ಟಿಕೆಟ್‌ಗಳು ಒಂದು ಟೀಮಿಂದ ಇನ್ನೊಂದಕ್ಕೆ ಅಲೆಯೋದೂ ಥೇಟ್ ಹೀಗೇ!

2022ರಲ್ಲಿ ಇದನ್ನೇ ನಾನಿರೋ ಈ ಲಂಡನ್ನಿಗೆ ತಂದು 'ಲಿವಿಂಗ್' ಅಂತ ಮಾಡಿದರು. ಕಜುವೊ ಇಶಿಗುರೊ ಚಿತ್ರಕತೆ, ಬಿಲ್ ನೈ ನಟನೆ. ಚೆನ್ನಾಗೇ ಇದೆ, ಬೈಯೋಕೆ ಮನಸ್ಸು ಬರಲ್ಲ. ಆದರೆ ಯಾಕೋ ತೀರಾ ಇಸ್ತ್ರಿ ಹಾಕಿಟ್ಟ ಹಾಗಿದೆ. ಕುರೊಸಾವಾ ಹಾಗಲ್ಲ. ಸಿನಿಮಾ ಮುಗಿಯೋಕೆ ಎಷ್ಟೋ ಮೊದಲೇ ನಾಯಕನನ್ನ ಸಾಯಿಸಿ, ನಮ್ಮನ್ನ ಸಾವಿನ ಮನೆಯಲ್ಲಿ ಕೂರಿಸಿಬಿಡ್ತಾನೆ. ಅಲ್ಲಿ ಸಹೋದ್ಯೋಗಿಗಳು ಕುಡೀತಾ ಕುಡೀತಾ, ಇನ್ಮೇಲೆ ತಾವೂ ಅವನ ಹಾಗೇ ದುಡೀತೀವಿ ಅಂತ ಆಣೆ ಹಾಕ್ತಾರೆ. ಆಮೇಲೆ ಕಚೇರಿಯಲ್ಲಿ ಮತ್ತದೇ ಅಲೆದಾಟ. ಒಬ್ಬ ಗುಮಾಸ್ತ ಮಾತ್ರ ಸಿಟ್ಟಲ್ಲಿ ಎದ್ದು ನಿಲ್ತಾನೆ, ಏನೂ ಹೇಳದೆ ಕೂತ್ಕೋತಾನೆ, ಕಾಗದದ ರಾಶಿ ಹಿಂದೆ ಮುಖಾನೂ ಕಾಣಲ್ಲ.

ಎಲ್ಲರೂ ಹೊಗಳೋದು ಉಯ್ಯಾಲೆ ದೃಶ್ಯವನ್ನ. ನನ್ನನ್ನ ಕಾಡೋನು ಈ ಗುಮಾಸ್ತ.